ಸಹಾಯ ಬೇಕು: ವಿಲ್ ಮತ್ತು ತೆರಿಗೆ ಕೆಲಸ ಕಲಿಸುವ ಸೀನಿಯರ್ ವಕೀಲರು ಯಾರಾದರೂ ಗೊತ್ತಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಮೂರು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ, ಜಾಸ್ತಿ ಪಾಲು ವಿಭಾಗದ ದಾವೆಗಳೇ. ಇನ್ನು ವಿಲ್, ಟ್ರಸ್ಟ್, ತೆರಿಗೆ ಕೆಲಸಕ್ಕೇ ಪೂರ್ತಿ ಇಳಿಯಬೇಕು ಅಂತಿದ್ದೇನೆ.

ಕಾರಣ ಒಂದು ಕೇಸು. ಅಜ್ಜಿಯೊಬ್ಬರು ತೀರಿಹೋದ ಗಂಡ ಬರೆದಿಟ್ಟ ವಿಲ್ ತಂದಿದ್ದರು. ಗೆರೆ ಹಾಳೆ, ದುಂಡನೆಯ ಅಕ್ಷರ, ಕೆಳಗೆ ಸಾಕ್ಷಿ ಸಹಿ ಒಂದೇ. ಇಬ್ಬರು ಸಾಕ್ಷಿ ಬೇಕು ಅಂತ 1925ರ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ, ವಿಲ್‌ಗೆ ರಿಜಿಸ್ಟ್ರೇಷನ್ ಕಡ್ಡಾಯವೂ ಅಲ್ಲ, ಆವತ್ತು ಪಕ್ಕದ ಮನೆಯವರನ್ನು ಕರೆದು ಇನ್ನೊಂದು ಸಹಿ ಹಾಕಿಸಿದ್ದರೆ ಸಾಕಿತ್ತು ಅಲ್ವಾ. ಆ ಹಾಳೆ ಇನ್ನೂ ಕಣ್ಣ ಮುಂದೆ ಇದೆ.

ಎಸ್ಟೇಟ್ ಡ್ಯೂಟಿ, ಅಂದರೆ ತೀರಿಹೋದವರ ಆಸ್ತಿ ಮೇಲಿನ ತೆರಿಗೆ, 1985ರಲ್ಲೇ ಹೋಯಿತು, ಇದರಲ್ಲಿ ತೆರಿಗೆ ಕೆಲಸ ಎಲ್ಲಿದೆ ಅಂತ ಗೆಳೆಯರು ಕೇಳುತ್ತಾರೆ. ಆದರೆ ಅಪ್ಪನಿಂದ ಬಂದ ಸೈಟು ಮಾರಿದರೆ ಕ್ಯಾಪಿಟಲ್ ಗೇನ್ಸ್ (ಮಾರಿದಾಗ ಬಂದ ಲಾಭ, ಅದಕ್ಕೆ ತೆರಿಗೆ ಇದೆ) ಲೆಕ್ಕಕ್ಕೆ ಅಪ್ಪ ಕೊಂಡ ಬೆಲೆ ಹುಡುಕಬೇಕು. ಹಳೇ ಕ್ರಯಪತ್ರ ಸಿಗದೆ ಜನ ಒದ್ದಾಡುತ್ತಾರೆ.

ಜಯನಗರ, ಮಲ್ಲೇಶ್ವರದ ಕಡೆ ಈ ಕೆಲಸ ಮಾಡುವ ಸೀನಿಯರ್ ಆಫೀಸು ಗೊತ್ತಿದ್ದರೆ ದಯವಿಟ್ಟು ಹೇಳಿ. ಸಂಬಳ ಕಮ್ಮಿಯಾದರೂ ಸರಿ. ತೆರಿಗೆಯಲ್ಲಿ ಎಲ್‌ಎಲ್‌ಎಂ ಮಾಡಲೇಬೇಕಾ, ಇಲ್ಲ ಯಾರಾದರೂ ಸಿಎ ಜೊತೆ ಕೂತು ಕಲಿಯಬಹುದಾ? ಮಾಡಿದವರು ತಿಳಿಸಿ.