ಪದಚರ್ಚೆ: ಅಂತರ ಬೇಸಾಯ, ಅಂತರ ಬೆಳೆ, ಅಕ್ಕಡಿ... ಮತ್ತೆ ಹದಕ್ಕೆ ‘ತೇವಾಂಶ’ ಅಂದ್ರೆ ಸಾಕಾ?

ಎಲ್ರಿಗೂ ನಮಸ್ಕಾರ,

ತುಮಕೂರು ಕಡೆ ರೈತರ ಗುಂಪೊಂದಕ್ಕೆ ಸಣ್ಣ ಪದಪಟ್ಟಿ ಒಂದು ಮಾಡ್ತಾ ಇದೀವಿ. ಕರಪತ್ರದಲ್ಲಿ, ವಾಟ್ಸಾಪ್ ಮೆಸೇಜಲ್ಲಿ, ಬೀಜದ ಪ್ಯಾಕೆಟ್ ಹಿಂದೆ ಬರೋ ಮಾತುಗಳ ಪಕ್ಕದಲ್ಲಿ ಹೊಲದಲ್ಲಿ ಆಡೋ ಮಾತು ಬರೀಬೇಕು, ಅಷ್ಟೇ. ಎರಡು ಕಡೆ ಗಾಡಿ ನಿಂತಿದೆ, ಅದಕ್ಕೇ ಇಲ್ಲಿ ಕೇಳ್ತಾ ಇರೋದು.

ಮೊದಲ್ನೇದು ‘ಅಂತರ ಬೇಸಾಯ’. ಬಿತ್ತಿದ ಮೂರು ವಾರಕ್ಕೆ ರಾಗಿಯಲ್ಲಿ ಅಂತರ ಬೇಸಾಯ ಮಾಡಿ ಅಂತ ಒಂದು ಮೆಸೇಜ್ ಬಂದಿತ್ತು, ಅದನ್ನ ಓದಿದ ರೈತರೊಬ್ರು ಫೋನ್ ಮಾಡಿ ‘ಈಗೇನ್ ಹಾಕೋದು ಸ್ವಾಮಿ ಮಧ್ಯೆ, ರಾಗಿ ಆಗ್ಲೇ ಗೇಣುದ್ದ ಬಂದೈತಲ್ಲ’ ಅಂದ್ರು. ಅವರು ಕೇಳಿದ್ರಲ್ಲಿ ಏನೂ ತಪ್ಪಿಲ್ಲ. ಅದೇ ಮೆಸೇಜಲ್ಲಿ ಮೇಲ್ಗಡೆ ‘ಅಂತರ ಬೆಳೆ: ರಾಗಿ ತೊಗರಿ 8:2’ ಅಂತ ಇತ್ತು, ಅದಕ್ಕೂ ಮೇಲೆ ‘ಅಂತರ: 30 x 10 ಸೆಂ.ಮೀ.’ ಅಂತ ಇತ್ತು. ಒಂದೇ ಹಾಳೇಲಿ ‘ಅಂತರ’ ಮೂರು ಸಲ ಬಂದು ಮೂರು ಸಲಾನೂ ಬೇರೆ ಬೇರೆ ಅರ್ಥ! ಒಂದು ಕಡೆ ಸಾಲಿಂದ ಸಾಲಿಗೆ ಬಿಡೋ ಜಾಗ, ಇನ್ನೊಂದು ಕಡೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿಡೋದು, ಮೂರನೇ ಕಡೆ ಎಡೆಕುಂಟೆ ಹೊಡೆಯೋದು.

ಈ ಮೂರನೇದಕ್ಕೆ ನಮ್ ಕಡೆ ಎಡೆ ಹೊಡೆಯೋದು, ಎಡೆಕುಂಟೆ ಹಾಯ್ಸೋದು ಅಂತೀವಿ. ಧಾರವಾಡ, ಗದಗದ ಕಡೆ ಎಡಿ ಹೊಡಿಯೂದು. ಸಾಲಿನ ನಡುವಿನ ಕಳೆ ಕಿತ್ತು, ಮೇಲ್ಮಣ್ಣಿನ ಹೆಪ್ಪು ಒಡೆದು, ಕಪ್ಪು ನೆಲ ಆದ್ರೆ ಬಿರುಕು ಮುಚ್ಚಿ ಹಸಿ ಆರದ ಹಾಗೆ ನೋಡ್ಕೊಳೋ ಕೆಲಸ ಅದು. ಅದಕ್ಕೆ ‘ಬೇಸಾಯ’ ಅಂತ ಯಾಕೆ ಬಂತು ಅನ್ನೋದು ಗೊತ್ತಾಗುತ್ತೆ, ಇಂಗ್ಲಿಷಿನ ಇಂಟರ್‌ಕಲ್ಟಿವೇಶನ್ ಅನ್ನೋದನ್ನ ತುಂಡು ತುಂಡಾಗಿ ಕನ್ನಡಕ್ಕೆ ಇಟ್ಟಿದಾರೆ, ಆದ್ರೆ ಕನ್ನಡದಲ್ಲಿ ಬೇಸಾಯ ಅಂದ್ರೆ ಇಡೀ ಒಕ್ಕಲುತನ, ಉಳೋದರಿಂದ ಹಿಡಿದು ಒಕ್ಕಣೆ ತನಕ ಎಲ್ಲಾ ಸೇರಿ, ಹಂಗಾಗಿ ‘ಅಂತರ ಬೇಸಾಯ ಮಾಡಿ’ ಅಂದ್ರೆ ನಡುವೆ ಇನ್ನೊಂದು ಬೆಳೆ ಇಡಿ ಅಂತ್ಲೇ ಕಿವಿಗೆ ಬೀಳೋದು. ನನ್ನ ಪಟ್ಟಿಯಲ್ಲಿ ‘ಎಡೆ ಹೊಡೆಯುವುದು’ ಅಂತ ಹಾಕ್ತೀನಿ. ಇದರ ಬಗ್ಗೆ ನನಗೆ ಅನುಮಾನ ಇಲ್ಲ.

ಅನುಮಾನ ಇರೋದು ಅಕ್ಕಡಿ ಬಗ್ಗೆ, ಅಂದ್ರೆ ರಾಗಿ ಸಾಲುಗಳ ನಡುವೆ ಬೇರೆ ಕಾಳು ಬಿಡೋ ಸಾಲಿನ ಬಗ್ಗೆ. ಅಂತರ ಬೆಳೆ ಅಂದ್ರೆ ಸಾಲು ಬೇರೆ ಬೇರೆ ಇರ್ಬೇಕು, ಮಿಶ್ರ ಬೆಳೆ ಅಂದ್ರೆ ಬೀಜ ಕಲಸಿ ಬಿತ್ತೋದು, ಪುಸ್ತಕದ ಲೆಕ್ಕ ಇಷ್ಟು. ಆದ್ರೆ ನಮ್ಮ ಅಕ್ಕಡಿ ಸಾಲು ಎರಡಕ್ಕೂ ಪೂರ್ತಿ ಕೂಡಲ್ಲ. ರಾಗಿ ಕೂರಿಗೆ (ಸಾಲಾಗಿ ಬೀಜ ಬಿತ್ತೋ ಸಾಧನ) ಮುಂದೆ ಹೋಗ್ತಿರುತ್ತೆ, ಅದರ ಹಿಂದೆ ಹಗ್ಗದಲ್ಲಿ ಕಟ್ಟಿದ ಸಡ್ಡೆ ಬರ್ತಿರುತ್ತೆ, ಸಡ್ಡೆ ಅಂದ್ರೆ ತುದಿ ಚೂಪು ಮಾಡಿದ ಬಿದಿರಿನ ಕೊಳವೆ, ಅದನ್ನ ಒಂದು ಕೈಯಲ್ಲಿ ನೆಟ್ಟಗೆ ಹಿಡ್ಕೊಂಡು ಹೆಣ್ಮಕ್ಕಳು ಮಡಿಲಿಂದ ಕಾಳು ತೆಗೆದು ತೆಗೆದು ಬಿಡ್ತಾ ಹೋಗ್ತಾರೆ. ಆ ಮಡಿಲಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ ಎಲ್ಲಾ ಕಲೆಸಿರುತ್ತೆ. ಅಂದ್ರೆ ಸಾಲು ಬೇರೆ, ಸಾಲಿನೊಳಗೆ ಮಿಶ್ರ. ಅವರೆ ಬಳ್ಳಿ ಜೋಳದ ದಂಟಿಗೆ ಹಬ್ಬುತ್ತೆ, ಸಾಸಿವೆ ಬೇಗ ಮನೆಗೆ ಬರುತ್ತೆ, ರಾಗಿ ಕುಯ್ದ ಮೇಲೂ ಅವರೆ ತೊಗರಿ ಹೊಲದಲ್ಲೇ ನಿಂತಿರುತ್ತೆ. ಇದೇನು ನಿನ್ನೆ ಮೊನ್ನೆಯ ಪದ್ಧತಿ ಅಲ್ಲ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿ ಜತೆ ಅವರೆ ತೊಗರಿ ಬಿತ್ತೋದನ್ನ ಬರ್ಕೊಂಡಿದಾನೆ. ಈಗ ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೆ ಸಡ್ಡೆ ಹಿಡಿಯೋರು ಕಮ್ಮಿ, ಚಿಕ್ಕ ವಯಸ್ಸಿನವರಿಗೆ ಸಡ್ಡೆ ಅಂದ್ರೆ ಏನು ಅಂತಾನೇ ಗೊತ್ತಿರಲ್ಲ.

ಹಾಗಾಗಿ ‘ಅಂತರ ಬೆಳೆ’ ಪಕ್ಕದಲ್ಲಿ ‘ಅಕ್ಕಡಿ’ ಅಂತ ಬರೆದು ಬಿಟ್ರೆ ಸರಿ ಹೋಗುತ್ತಾ? ತೆಂಗಿನ ತೋಟದ ಮಧ್ಯೆ ಬಾಳೆ ಹಾಕೋದೂ ಅಂತರ ಬೆಳೆನೇ, ಅದನ್ನ ಯಾರೂ ಅಕ್ಕಡಿ ಅನ್ನಲ್ಲ. ನನಗೆ ಕಂಡ ಹಾಗೆ ಅಕ್ಕಡಿ ಅನ್ನೋದು ಬೆದ್ದಲು ಹೊಲದ (ಮಳೆ ನಂಬಿದ ಹೊಲದ) ಮಾತು, ಅದೂ ಹೆಚ್ಚಾಗಿ ರಾಗಿ ಹೊಲದ್ದು. ಕಡಲೆಕಾಯಿ ಹೊಲದಲ್ಲಿ ತೊಗರಿ ಸಾಲು ಬಿಟ್ರೂ ನಮ್ ಕಡೆ ಅಕ್ಕಡಿ ಅಂತಾರೆ. ಕೋಲಾರ, ಹಾಸನ, ರಾಮನಗರದವರು ಹೇಳ್ಬೇಕು.

ಎರಡ್ನೇದು ‘ಹದ’. ಕರಪತ್ರದಲ್ಲಿ ‘ಮಣ್ಣಿನಲ್ಲಿ ಸಾಕಷ್ಟು ತೇವಾಂಶವಿದ್ದಾಗ ಬಿತ್ತನೆ ಮಾಡುವುದು’ ಅಂತ ಇರುತ್ತೆ. ರಾತ್ರಿಯೆಲ್ಲಾ ಜಡಿಮಳೆ ಹೊಯ್ದು ಬೆಳಗ್ಗೆ ಹೊಲಕ್ಕೆ ಕಾಲಿಟ್ರೆ ಪಾದ ಹೂತು ಹೋಗುತ್ತೆ, ತೇವಾಂಶ ಸಾಕಷ್ಟಲ್ಲ, ಬೇಕಾದಷ್ಟಕ್ಕಿಂತ ಹೆಚ್ಚೇ ಇದೆ, ಆದ್ರೆ ಹದ ಇಲ್ಲ. ಆಗ ಕೂರಿಗೆ ಹೂಡಿದ್ರೆ ಅದರ ತಾಳಿಗೆ (ನೆಲ ಸೀಳೋ ಹಲ್ಲಿಗೆ) ಮಣ್ಣು ಮೆತ್ತಿ ಬೀಜ ಒಂದ್ಕಡೆ ಗುಡ್ಡೆ ಬೀಳುತ್ತೆ. ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟಾಗ ಪುಡಿಪುಡಿಯಾದ್ರೆ ಹದ, ಚಪ್ಪಟೆ ಆಗಿ ಕೂತ್ರೆ ಇನ್ನೂ ಆರ್ಬೇಕು, ಉಂಡೆಯೇ ಕಟ್ಟದಿದ್ರೆ ಹದ ಹೋಯ್ತು. ಕೆಂಪು ಮಣ್ಣು ಬೇಗ ಹದಕ್ಕೆ ಬಂದು ಬೇಗ ಹೋಗ್ಬಿಡುತ್ತೆ, ಎರೆ ನೆಲ, ಅಂದ್ರೆ ಕಪ್ಪು ಮಣ್ಣು, ತಡವಾಗಿ ಬಂದು ತಡೀತದೆ. ತೇವಾಂಶ ಅಂದ್ರೆ ಎಷ್ಟು ನೀರಿದೆ ಅಂತ, ಹದ ಅಂದ್ರೆ ಆ ನೀರಲ್ಲಿ ಕೆಲಸ ಮಾಡ್ಬೋದಾ ಅಂತ. ಪಾಕದ ಹದ ನೋಡಿದ ಹಾಗೇ ಇದೂನೂ, ಅಳತೆ ಹೇಳಿದ್ರೆ ಬರಲ್ಲ, ಬೆರಳಲ್ಲಿ ನೋಡ್ಬೇಕು.

ಇದಕ್ಕೆ ‘ಬೆದೆ’ ಅಂತಾನೂ ಇದೆ, ನೆಲ ಬೆದೆಗೆ ಬಂದಿದೆ ಅಂತ ವಯಸ್ಸಾದವರು ಹೇಳೋದು ಕೇಳಿದೀನಿ, ಹಸು ಬೆದೆಗೆ ಬಂತು ಅನ್ನೋ ಅದೇ ಬೆದೆ. ಬಿತ್ತೋಕೆ ತಯಾರಾದ ನೆಲಕ್ಕೂ ಹಸುವಿಗೂ ಒಂದೇ ಮಾತು ಇಟ್ಟಿರೋದು ನೋಡಿ, ಚೆನ್ನಾಗಿದೆ. ಆದ್ರೆ ಈಗ ಪಟ್ಟಿಯಲ್ಲಿ ಬೆದೆ ಅಂತ ಹಾಕಿದ್ರೆ ಎಲ್ರೂ ಪಶು ಆಸ್ಪತ್ರೆ ಕಡೆ ಹೊರಡ್ತಾರೆ, ಅದಕ್ಕೇ ಹದ ಅಂತ್ಲೇ ಇಟ್ಕೊಂಡಿದೀನಿ. ಉತ್ತರ ಕರ್ನಾಟಕದಲ್ಲಿ ‘ಹಸಿ’ ಅಂತಾರೆ, ಗೇಣು ಹಸಿ ಆಗೇದ, ಹಸಿಗೆ ಹಸಿ ಕೂಡೇದ ಅಂತ. ನನಗೆ ಅನ್ನಿಸೋದು ಹಸಿ ಅಂದ್ರೆ ಮಳೆ ಎಷ್ಟು ಆಳ ಇಳಿದಿದೆ ಅನ್ನೋ ಲೆಕ್ಕ, ಅಂದ್ರೆ ಅದು ತೇವಾಂಶಕ್ಕೆ ಹತ್ರ, ಹದ ಬೇರೆ. ಹೌದಾ ಅಲ್ವಾ?

ಮಿಕ್ಕಿದ್ದು ಬೇಗ ಹೇಳ್ತೀನಿ. ‘ಮಳೆಯಾಶ್ರಿತ’ ಅನ್ನೋ ಬದಲು ಖುಷ್ಕಿ, ನೀರಾವರಿ ಗದ್ದೆಗೆ ತರಿ, ತೋಟಕ್ಕೆ ಬಾಗಾಯ್ತು ಅಂತ ಹಾಕ್ತಾ ಇದೀನಿ. ಪಾರ್ಸಿ ಮಾತು ಅಂತ ಒಬ್ರು ಬೇಜಾರು ಮಾಡ್ಕೊಂಡ್ರು, ಪಹಣಿ ಕೈಯಲ್ಲಿ ಹಿಡಿದಿರೋ ರೈತನಿಗೆ ಇವನ್ನ ಬಿಡಿಸಿ ಹೇಳೋದೇ ಬೇಡ, ಅದೇ ಮಳೆಯಾಶ್ರಿತ ಅಂದ್ರೆ ಒಂದು ಕ್ಷಣ ನಿಂತು ಯೋಚನೆ ಮಾಡ್ತಾನೆ. ಹೆಕ್ಟೇರ್ ಲೆಕ್ಕ ಪೂರ್ತಿ ತೆಗೆದಿದೀವಿ, ಎಕರೆ ಗುಂಟೆ ಮಾತ್ರ. ‘ಹೆಕ್ಟೇರಿಗೆ ಇಷ್ಟು ಕೆಜಿ ರಂಜಕ’ ಅಂದ್ರೆ ಅಂಗಡಿ ಮುಂದೆ ನಿಂತವರಿಗೆ ಏನೂ ಹೊಳೆಯಲ್ಲ, 50 ಕೆಜಿ ಡಿಎಪಿ ಗೊಬ್ಬರದ ಚೀಲದಲ್ಲಿ 23 ಕೆಜಿ ರಂಜಕ ಅಂಶ, 9 ಕೆಜಿ ಸಾರಜನಕ ಇರುತ್ತೆ, ಎಕರೆಗೆ ಎಷ್ಟು ಚೀಲ ಅಂತ ನೇರವಾಗಿ ಬರೆಯೋದು ವಾಸಿ. ‘ತೆಂಡೆ ಒಡೆಯುವ ಹಂತ’ (ಬುಡದಿಂದ ಪಕ್ಕದ ಕವಲು ಬರೋ ಹೊತ್ತು) ಅಂತ ಕೃಷಿ ಇಲಾಖೆಯವರೇ ಬರೀತಾರೆ, ಅದು ಚೆನ್ನಾಗೇ ಇದೆ, ಕೈ ಹಚ್ಚಿಲ್ಲ.

ಒಂದು ಮಾತ್ರ ಭಯ ಹುಟ್ಸೋ ಅಂಥದ್ದು. ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕ ಎಲ್ಲಕ್ಕೂ ನಮ್ ಕಡೆ ಔಷಧಿ, ಉತ್ತರದ ಕಡೆ ಎಣ್ಣಿ, ಕರಾವಳಿ ಮಲೆನಾಡಲ್ಲಿ ಮದ್ದು. ಅಡಿಕೆಗೆ ಮದ್ದು ಬಿಡೋದು ಅಂದ್ರೆ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಅಂತ ಅಲ್ಲಿ ಎಲ್ರಿಗೂ ಗೊತ್ತು, ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಗೊಂದಲ ಇಲ್ಲ. ಆದ್ರೆ ಕಳೆಗೆ ಹೊಡೆದ ಪಂಪಲ್ಲೇ ತೊಳೀದೆ ಮೆಣಸಿನ ಗಿಡಕ್ಕೆ ಹೊಡೆದ್ರೆ ಬೆಳೆ ಸುಟ್ಟು ಹೋಗುತ್ತೆ, ಎರಡಕ್ಕೂ ‘ಔಷಧಿ’ ಅಂದಾಗ ಈ ಎಚ್ಚರ ತಪ್ಪುತ್ತೆ. ನಾವು ಹುಳದ ಔಷಧಿ, ಕಳೆ ಔಷಧಿ, ರೋಗದ ಔಷಧಿ ಅಂತ ಮೂರು ಮಾಡಿದೀವಿ. ಡಬ್ಬದ ಮೇಲಿನ ಬಣ್ಣದ ಬಗ್ಗೆನೂ ಒಂದು ಸಾಲು ಸೇರಿಸಿದೀವಿ, ಕೆಂಪು, ಹಳದಿ, ನೀಲಿ, ಹಸಿರು ಅಂತ ವಿಷ ಇಳೀತಾ ಹೋಗುತ್ತೆ, ಹಸಿರು ಅಂದ್ರೆ ವಿಷ ಕಮ್ಮಿ ಅಂತಷ್ಟೇ, ವಿಷವೇ ಇಲ್ಲ ಅಂತಲ್ಲ. ಔಷಧಿ ಅನ್ನೋ ಮಾತನ್ನೇ ಬಿಟ್ಟು ‘ವಿಷ’ ಅಂತ ಹಾಕಿ ಅಂತ ಕೆಲವರ ವಾದ. ಜನ ಆ ಪಟ್ಟಿನೇ ಓದಲ್ಲ ಅಂತ ನನ್ನ ವಾದ.

ಗೊತ್ತಿದ್ದೋರು ದಯವಿಟ್ಟು ಇಷ್ಟಕ್ಕೆ ಬರೀರಿ: ನಿಮ್ಮಲ್ಲಿ ಅಕ್ಕಡಿ ಅನ್ನೋದು ಯಾವ್ಯಾವ ಬೆಳೆಗೆ ನಡೆಯುತ್ತೆ, ಸಡ್ಡೆಗೆ ಬೇರೆ ಹೆಸರಿದೆಯಾ, ಹಸಿ ಮತ್ತೆ ಹದ ಎರಡೂ ಮಾತು ಒಂದೇ ಊರಲ್ಲಿ ಇದಾವಾ. ತಾಲ್ಲೂಕಿನ ಹೆಸರು, ಕೆಂಪು ನೆಲನೋ ಎರೆ ನೆಲನೋ ಅನ್ನೋದು ಜತೆಗೆ ಹಾಕಿ, ‘ನಮ್ ಕಡೆ’ ಅಂತ ಮಾತ್ರ ಬರೆದ್ರೆ ಪಟ್ಟಿಯಲ್ಲಿ ಎಲ್ಲಿ ಸೇರಿಸ್ಬೇಕು ಅಂತ ಗೊತ್ತಾಗಲ್ಲ.