ರಹದಾರಿಯಲ್ಲಿ ಇರುವುದು ನಮ್ಮ 'ದಾರಿ'ಯಾ? ಬಸ್ಸಿನ ಕಾನೂನಿನ ಕೆಲವು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಾವು ನಾಲ್ಕು ಜನ ಸೇರಿ ಹಳ್ಳಿಯ ಬಸ್ ಪ್ರಯಾಣಿಕರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ಒಂದು ರಸ್ತೆಯಲ್ಲಿ ಬಸ್ ಓಡಿಸುವ ಹಕ್ಕು ಯಾರಿಗಿದೆ, ಟಿಕೆಟ್ ದರ ಯಾರು ಗೊತ್ತು ಮಾಡುತ್ತಾರೆ, ನಷ್ಟವಾದರೆ ಯಾರು ತುಂಬುತ್ತಾರೆ, ಬಸ್ ಬರುವುದು ನಿಂತರೆ ಯಾರಿಗೆ ಅರ್ಜಿ ಕೊಡಬೇಕು, ಇಷ್ಟನ್ನು ಬರೆಯಬೇಕು. ಕಾನೂನನ್ನು ಓದಿ ತಿಳಿದುಕೊಂಡೆವು. ಬರೆಯಲು ಕೂತಾಗ ತೊಡಕಾಗಿದ್ದು ಪದಗಳು. ಅದರಲ್ಲೂ ಒಂದು ಪದ ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ಅದು 'ರಹದಾರಿ', ಅಂದರೆ ಬಸ್ಸಿನ ಪರ್ಮಿಟ್.

ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ಬಸ್ಸಿನಲ್ಲಿ ರಾತ್ರಿ ಊರಿಗೆ ಹೊರಟಿದ್ದೆ. ಬಸ್ ದಾರಿಯುದ್ದಕ್ಕೂ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಮಧ್ಯರಾತ್ರಿ ಹೊತ್ತಿಗೆ ಸಾರಿಗೆ ಇಲಾಖೆಯವರು ತಡೆದರು. ಕಾಗದ ನೋಡಿದರು. 'ರಹದಾರಿ ಷರತ್ತು ಉಲ್ಲಂಘನೆ ಆಗಿದೆ, ಗಾಡಿ ಮುಂದೆ ಹೋಗುವ ಹಾಗಿಲ್ಲ' ಅಂದರು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಗಾಬರಿಯಾದರು. 'ದಾರಿ ಎಲ್ಲಿ ತಪ್ಪಿದೆಯಪ್ಪಾ? ದಿನಾ ಬರೋ ದಾರೀಲೇ ಬಂದಿದ್ದಲ್ವಾ?' ಅಂತ ಕೇಳಿದರು. ಯಾರೂ ಅವರಿಗೆ ಸರಿಯಾಗಿ ಹೇಳಲಿಲ್ಲ. ನನಗೂ ಆಗ ಹೇಳಲು ಗೊತ್ತಿರಲಿಲ್ಲ. ಬೆಳಗಿನ ಜಾವದವರೆಗೂ ಚಳಿಯಲ್ಲಿ ರಸ್ತೆ ಬದಿ ನಿಂತೆವು. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಕನ್ನಡದ ಕಿವಿಗೆ ಅದು 'ದಾರಿ' ಅಂತಲೇ ಕೇಳಿಸುತ್ತದೆ. ಆದರೆ ಆ ಪದದಲ್ಲಿ ನಮ್ಮ ದಾರಿ ಇಲ್ಲ. ಅದು ಪಾರ್ಸಿಯಿಂದ ಬಂದದ್ದು. 'ರಾಹ್' ಅಂದರೆ ರಸ್ತೆ. 'ದಾರ್' ಅಂದರೆ ಹಿಡಿದವನು, ಉಳ್ಳವನು. ತಹಶೀಲ್ದಾರ, ಜಮೀನ್ದಾರ, ಪಾಲುದಾರ, ಇವುಗಳಲ್ಲಿ ಇರುವ ದಾರ ಅದೇ. ರಾಹ್‌ದಾರ್ ಅಂದರೆ ರಸ್ತೆ ಕಾಯುವವನು, ಅಲ್ಲೇ ಸುಂಕ ಎತ್ತುವವನು. ಅವನ ಕೆಲಸ, ಅವನು ಎತ್ತುವ ಸುಂಕ ರಾಹ್‌ದಾರಿ. ಮೊಘಲರ ಕಾಲದಲ್ಲಿ ಈ ಸುಂಕ ಸಾಗಣೆಗಾರರಿಗೆ ದೊಡ್ಡ ಹೊರೆಯಾಗಿತ್ತು. ಔರಂಗಜೇಬ ಪಟ್ಟಕ್ಕೆ ಬಂದ ಹೊಸದರಲ್ಲಿ ಅದನ್ನು ರದ್ದು ಮಾಡಿದ. ಮುಂದೆ ಹೋಗಲು ಬಿಡಿ ಎಂದು ಕೊಡುವ ಚೀಟಿಗೂ ಅದೇ ಹೆಸರು ನಿಂತಿತು. ಮರಾಠಿಯಲ್ಲಿ ಅದೇ ಪದ ಬೇರೆ ಕಡೆಗೆ ಹೋಯಿತು. ಅಲ್ಲಿ ಇವತ್ತು ರಹದಾರಿ ಅಂದರೆ ವಾಹನ ಸಂಚಾರ. ಬೆಳಗಾವಿ ಕಡೆಯವರಿಗೆ ಇದು ಗೊತ್ತಿರುತ್ತದೆ.

'ಜವಾಬ್ದಾರಿ' ಪದದ ಕಟ್ಟೋಣವೂ ಹೀಗೇ ಇದೆ. ಜವಾಬು, ದಾರ್, ಕೊನೆಗೆ ಇಕಾರ. ಅಲ್ಲಿ ಯಾರಿಗೂ ದಾರಿ ಕಾಣುವುದಿಲ್ಲ. ರಹದಾರಿಯಲ್ಲಿ ಮಾತ್ರ ಕಾಣುತ್ತದೆ. ಯಾಕೆಂದರೆ ವಿಷಯವೇ ರಸ್ತೆಯದು. ಹೆದ್ದಾರಿ ಅನ್ನುವ ಅಚ್ಚ ಕನ್ನಡದ ಪದವೂ ಪಕ್ಕದಲ್ಲೇ ಇದೆ.

ಪತ್ರಿಕೆಗಳಲ್ಲಿ ಈ ಪದದ ಬಳಕೆ ಗಮನಿಸಿದ್ದೀರಾ? 'ತಂಡಕ್ಕೆ ಫೈನಲ್‌ಗೆ ರಹದಾರಿ' ಅಂತ ಬರೆಯುತ್ತಾರೆ. ಇಲ್ಲಿ ಹಳೆಯ ಅರ್ಥ ಗಟ್ಟಿಯಾಗಿದೆ, ಒಳಗೆ ಬಿಡುವ ಚೀಟಿ ಸಿಕ್ಕಿತು ಅಂತ. 'ಯಶಸ್ಸಿನ ರಹದಾರಿಯಲ್ಲಿ ನಡೆದರು' ಅಂತಲೂ ಬರೆಯುತ್ತಾರೆ. ಇಲ್ಲಿ ಅದು ಪೂರ್ತಿ ರಸ್ತೆಯೇ ಆಗಿಬಿಟ್ಟಿದೆ. ಎರಡನೆಯದನ್ನು ತಪ್ಪು ಅಂತ ಹೇಳಲು ನನಗೆ ಮನಸ್ಸಿಲ್ಲ. ಜನ ಬಳಸಿದ ಹಾಗೆ ಪದ ಬದಲಾಗುತ್ತದೆ. ಆದರೆ ಸಾರಿಗೆ ಇಲಾಖೆಯ ನೋಟಿಸಿನಲ್ಲಿ ಆ ಪದಕ್ಕೆ ಒಂದೇ ಅರ್ಥ. ಅದನ್ನು ಓದುವವರ ಮನಸ್ಸಿನಲ್ಲಿ ಇನ್ನೊಂದು ಅರ್ಥ ಇದ್ದರೆ ತೊಂದರೆ.

ಕಾನೂನಿನ ಪ್ರಕಾರ ಒಂದು ಬಸ್ ರಸ್ತೆಗಿಳಿಯಲು ಬೇರೆ ಬೇರೆ ಕಾಗದ ಬೇಕು. ಗಾಡಿಗೆ ನೋಂದಣಿ. ಚಾಲಕರಿಗೆ ಲೈಸೆನ್ಸ್, ಅಂದರೆ ಪರವಾನಗಿ. ನಿರ್ವಾಹಕರಿಗೂ ಬೇರೆ ಪರವಾನಗಿ. ಇವೆಲ್ಲ ಇದ್ದರೂ ದುಡ್ಡು ತೆಗೆದುಕೊಂಡು ಜನರನ್ನು ಸಾಗಿಸುವ ಹಾಗಿಲ್ಲ. ಅದಕ್ಕೆ ಪರ್ಮಿಟ್ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮು ಇದನ್ನೇ ಹೇಳುತ್ತದೆ. ಈ ಪರ್ಮಿಟ್ಟಿಗೆ ನಮ್ಮ ಸಾರಿಗೆ ಇಲಾಖೆಯ ಕನ್ನಡ ರಹದಾರಿ. ಪರವಾನಗಿ ಮತ್ತು ರಹದಾರಿ ಎರಡೂ ಪಾರ್ಸಿ ಮೂಲದವೇ. ಮನುಷ್ಯರಿಗೆ ಒಂದು, ಗಾಡಿಗೆ ಒಂದು ಅಂತ ಹಂಚಿಕೊಂಡಿರುವುದು ನನಗೆ ತುಂಬಾ ಇಷ್ಟವಾಗುತ್ತದೆ. ಎರಡಕ್ಕೂ ಸುಮ್ನೆ 'ಅನುಮತಿ' ಅಂತ ಬರೆಯುವವರನ್ನು ನೋಡಿದಾಗ ಬೇಸರವಾಗುತ್ತದೆ.

ಇನ್ನೊಂದು ವಿಷಯ. ಸರ್ಕಾರಿ ಬಸ್ಸಿಗೆ ಪರ್ಮಿಟ್ ಬೇಡ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಸರ್ಕಾರಿ ಸಾರಿಗೆಗೆ ಎಂದು ಮೀಸಲಿಟ್ಟ ಮಾರ್ಗದಲ್ಲೂ ನಿಗಮದ ಬಸ್ಸಿಗೆ ಪರ್ಮಿಟ್ ಕೊಡಲೇಬೇಕು. ಅದನ್ನು ಕೊಡುವ ಕ್ರಮ 103ನೇ ಕಲಮಿನಲ್ಲಿದೆ. ಅಂಥ ಮಾರ್ಗವನ್ನು 'ರಾಷ್ಟ್ರೀಕೃತ ಮಾರ್ಗ' ಅನ್ನುತ್ತಾರೆ. ಅದನ್ನು ಮಾಡುವುದು ರಾಜ್ಯ ಸರ್ಕಾರ, ಹೆಸರಿನಲ್ಲಿರುವುದು ರಾಷ್ಟ್ರ. ಈ ಪದ ಈಗ ಬದಲಾಗಲಾರದು, ಬಿಡಿ.

ನಾನು ಕೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ರಹದಾರಿ ಅಂದರೂ ಪರ್ಮಿಟ್ ಅಂದರೂ 'ಬಿಟ್ಟಿದ್ದಾರೆ' ಅನ್ನುವ ಅರ್ಥ ಮಾತ್ರ ಬರುತ್ತದೆ. ಬಸ್ ಮಾಲೀಕರಿಗೆ ಸಿಕ್ಕ ಹಕ್ಕು ಅನ್ನಿಸುತ್ತದೆ. ಆದರೆ ಆ ಕಾಗದದೊಳಗೆ ಅವರ ಮೇಲಿನ ಹೊಣೆ ಜಾಸ್ತಿ ಇದೆ. ಯಾವ ಮಾರ್ಗ, ದಿನಕ್ಕೆ ಎಷ್ಟು ಟ್ರಿಪ್, ಎಷ್ಟು ಹೊತ್ತಿಗೆ, ಎಲ್ಲವೂ ಷರತ್ತಾಗಿ ಸೇರಬಹುದು. ದರಪಟ್ಟಿ ಮತ್ತು ವೇಳಾಪಟ್ಟಿಯನ್ನು ಬಸ್ಸಿನಲ್ಲಿ, ನಿಲ್ದಾಣದಲ್ಲಿ ಹಾಕಬೇಕು ಅನ್ನುವುದೂ ಷರತ್ತಾಗಬಹುದು. ಷರತ್ತು ಮುರಿದರೆ ಪರ್ಮಿಟ್ ಅಮಾನತು ಮಾಡಬಹುದು, ರದ್ದು ಕೂಡ ಮಾಡಬಹುದು. ಅಂದರೆ ಸಂಜೆ ಆರೂವರೆ ಬಸ್ ನಮ್ಮೂರಿಗೆ ಬರದೆ ಅರ್ಧ ದಾರಿಯಿಂದ ತಿರುಗಿದರೆ, ಬಿಡು ಕಲೆಕ್ಷನ್ ಇರಲಿಲ್ಲ ಅಂತ ಊರಿನವರು ಸುಮ್ಮನಾಗಬೇಕಿಲ್ಲ. ಆ ಟ್ರಿಪ್ ರಹದಾರಿಯಲ್ಲಿ ಇದ್ದರೆ ಅದು ಊರಿಗೆ ಬರಲೇಬೇಕಾದ ಬಸ್. ಜವಾಬ್ದಾರಿಯಲ್ಲಿ ಇರುವ ಆ ಭಾರ ರಹದಾರಿಯಲ್ಲಿ ಕೇಳಿಸುವುದಿಲ್ಲ. ಇದನ್ನು ತರುವ ಕನ್ನಡದ ಪದ ಅಥವಾ ನುಡಿಗಟ್ಟು ನಿಮಗೆ ಯಾವುದಾದರೂ ಹೊಳೆಯುತ್ತದಾ?

ನಮ್ಮ ಕರಡಿನಲ್ಲಿ ಒಬ್ಬರು 'ಓಡಾಟದ ಕರಾರು' ಅಂತ ಬರೆದಿದ್ದರು. ಕೇಳಲು ಚೆನ್ನಾಗಿದೆ. ಆದರೆ ಕರಾರು ಅಂದರೆ ಇಬ್ಬರೂ ಒಪ್ಪಿ ಮಾಡಿಕೊಂಡದ್ದು ಆಗುತ್ತದೆ. ಪರ್ಮಿಟ್ ಹಾಗಲ್ಲ. ಅದನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಒ. ಜನ ಎಲ್ಲದಕ್ಕೂ ಆರ್‌ಟಿಒ ಅಂತಲೇ ಅನ್ನುತ್ತಾರೆ. ಹಾಗಾಗಿ ಜಿಲ್ಲಾಧಿಕಾರಿಗೂ ಅರ್ಜಿ ಕೊಡಬಹುದು ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಎರಡನೆಯ ಪದ 'ಮಜಲು ವಾಹನ'. ನಾವು ದಿನಾ ಹತ್ತುವ ಬಸ್ಸಿಗೆ ಕಾನೂನಿನ ಹೆಸರು ಸ್ಟೇಜ್ ಕ್ಯಾರೇಜ್. ಆರಕ್ಕಿಂತ ಜಾಸ್ತಿ ಪ್ರಯಾಣಿಕರು, ಒಬ್ಬೊಬ್ಬರಿಗೂ ಬೇರೆ ಟಿಕೆಟ್, ಪೂರ್ತಿ ಪ್ರಯಾಣಕ್ಕೋ ನಡುವಿನ ಒಂದೆರಡು ಸ್ಟೇಜಿಗೋ ದರ. ಇದು ಅದರ ಲಕ್ಷಣ. ಸರ್ಕಾರಿ ಕನ್ನಡದಲ್ಲಿ ಇದು ಮಜಲು ವಾಹನ. ಮಜಲು ಅಂದರೆ ಪ್ರಯಾಣದ ಒಂದು ಹಂತ, ತಂಗುವ ಜಾಗ. ಅರಬ್ಬಿಯ 'ಮಂಜಿಲ್' ನಮ್ಮಲ್ಲಿ ಹಾಗಾಯಿತು. ಅಲ್ಲಿ ಅದರ ಮೂಲ ಅರ್ಥ ಇಳಿಯುವ ಸ್ಥಳ. ಬಸ್ಸಿಗೆ ಇದಕ್ಕಿಂತ ಹೊಂದುವ ಪದ ಸಿಕ್ಕೀತಾ?

ಆದರೆ ಒಂದು ತೊಡಕಿದೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಮಜಲು ಅಂದರೆ ಗದ್ದೆ. ಬೈಲು ಗದ್ದೆ ತಗ್ಗಿನಲ್ಲಿ, ಬೆಟ್ಟು ಗದ್ದೆ ಎತ್ತರದಲ್ಲಿ, ನಡುವೆ ಮಜಲು. ಊರಿನ ಹೆಸರುಗಳಲ್ಲೂ ಅದಿದೆ. ಖಾಸಗಿ ಸರ್ವಿಸ್ ಬಸ್ ಜಾಸ್ತಿ ಇರುವುದೂ ಅದೇ ಕಡೆ. ಅಲ್ಲಿಯ ಓದುಗರಿಗೆ 'ಮಜಲು ವಾಹನ' ಅಂದರೆ ಗದ್ದೆಗೆ ಇಳಿಸುವ ಗಾಡಿಯ ಹಾಗೆ ಕೇಳಿಸೀತು ಅಂತ ನನಗೆ ಅಳುಕು. ಆ ಕಡೆಯವರು ಈ ಬಗ್ಗೆ ಎರಡು ಮಾತು ಬರೆದರೆ ಉಪಕಾರವಾಗುತ್ತದೆ. 'ಹಂತ ವಾಹನ' ಎಂದೂ ಬರೆಯಬಹುದು. ಆದರೆ ಹಂತ ಅನ್ನುವುದು ಚುನಾವಣೆಗೂ ಕಾಮಗಾರಿಗೂ ಬಳಸಿ ಬಳಸಿ ಸವೆದುಹೋಗಿದೆ. ಕಂಡಕ್ಟರುಗಳು ಸೀದಾ 'ಸ್ಟೇಜು' ಅನ್ನುತ್ತಾರೆ. ಕಾಗದದ ಟಿಕೆಟ್ ಇದ್ದ ಕಾಲದಲ್ಲಿ ಒಂದೊಂದು ಸ್ಟೇಜ್ ಬಂದಾಗಲೂ ವೇಬಿಲ್‌ನಲ್ಲಿ ಟಿಕೆಟ್ ನಂಬರು ಬರೆದುಕೊಳ್ಳುತ್ತಿದ್ದರು. ಕುಲುಕಾಡುವ ಬಸ್ಸಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದ್ದೇನೆ.

ಇದರ ಜೋಡಿ ಪದ ಕಾಂಟ್ರ್ಯಾಕ್ಟ್ ಕ್ಯಾರೇಜ್. ಇಡೀ ಗಾಡಿಯನ್ನು ಒಂದು ಮೊತ್ತಕ್ಕೆ ಗೊತ್ತು ಮಾಡಿಕೊಂಡು ಹೋಗುವುದು. ನಡುವೆ ಹೊರಗಿನವರನ್ನು ಹತ್ತಿಸುವ ಹಾಗಿಲ್ಲ. ದಿಬ್ಬಣದ ಬಸ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ರಾತ್ರಿ ನಮ್ಮನ್ನು ಬೀದಿಗೆ ಬಿಟ್ಟ ಬಸ್ಸಿಗೆ ಇದ್ದದ್ದು ಇಂಥ ಪರ್ಮಿಟ್, ಅದು ಓಡುತ್ತಿದ್ದುದು ಸ್ಟೇಜ್ ಬಸ್ಸಿನ ಹಾಗೆ. ಅಜ್ಜಿಗೆ ಇವತ್ತಾದರೆ ಹೇಳುತ್ತಿದ್ದೆ: 'ಇವರು ದಿಬ್ಬಣದ ಬಸ್ಸಿನ ಚೀಟಿ ಇಟ್ಕೊಂಡು ಲೈನ್ ಬಸ್ ಓಡಿಸ್ತಿದ್ದಾರೆ ಅಜ್ಜಿ.'

ಈ ಜಗಳ ನಮ್ಮ ರಾಜ್ಯದಲ್ಲಿ ಹಳೆಯದು. 1976ರಲ್ಲಿ ಕರ್ನಾಟಕ ಸರ್ಕಾರ ಕಾನೂನು ಮಾಡಿ ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನೇ ತನ್ನ ವಶಕ್ಕೆ ತೆಗೆದುಕೊಂಡಿತು. ಅವು ಸಾರ್ವಜನಿಕ ಹಿತಕ್ಕೆ ತೀರಾ ಮಾರಕವಾಗಿ ಓಡುತ್ತಿವೆ ಅನ್ನುವುದು ಆ ಕಾಯ್ದೆಯ ಪೀಠಿಕೆಯಲ್ಲೇ ಇತ್ತು. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1977ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. 2003ರಲ್ಲಿ ಸರ್ಕಾರವೇ ಅದನ್ನು ತೆಗೆದುಹಾಕಿತು.

ಇದಕ್ಕೆ 'ಒಪ್ಪಂದ ವಾಹನ' ಅನ್ನಬೇಕೋ 'ಗುತ್ತಿಗೆ ವಾಹನ' ಅನ್ನಬೇಕೋ? ನಾನು ಒಪ್ಪಂದದ ಪರ. ಯಾಕೆಂದರೆ ಗುತ್ತಿಗೆ ಬಸ್ ಅಂದರೆ ಈಗ ಬೇರೆಯೇ ಆಗಿದೆ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಗಾಡಿ ಮತ್ತು ಡ್ರೈವರ್ ಖಾಸಗಿ ಕಂಪನಿಯದು, ಕಂಡಕ್ಟರ್ ಸಾರಿಗೆ ಸಂಸ್ಥೆಯವರು. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಗೆ ಹಣ. ಇದು ನಿಜವಾದ ಗುತ್ತಿಗೆ. ಆದರೂ ಪ್ರಯಾಣಿಕರಿಗೆ ಅದು ಸ್ಟೇಜ್ ಬಸ್ಸೇ.

ದುಡ್ಡಿನ ಪದಗಳ ಬಗ್ಗೆ ಚಿಕ್ಕದಾಗಿ ಕೇಳುತ್ತೇನೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಮಹಿಳೆಯರಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ಟುಗಳ ಲೆಕ್ಕದ ಮೇಲೆ ಸರ್ಕಾರ ನಿಗಮಗಳಿಗೆ ಹಣ ಕೊಡಬೇಕು. ಇದನ್ನು ಕೆಲವರು ಸಹಾಯಧನ ಅನ್ನುತ್ತಾರೆ, ಕೆಲವರು ಅನುದಾನ, ಕೆಲವರು ಮರುಪಾವತಿ. ನನ್ನ ಪ್ರಕಾರ ಸಹಾಯಧನ ಸರಿಯಲ್ಲ. ನಿಗಮ ಸೇವೆ ಕೊಟ್ಟಾಗಿದೆ, ಸರ್ಕಾರ ಟಿಕೆಟ್ಟಿನ ಬಾಕಿ ಕೊಡುತ್ತಿದೆ. ಬಾಕಿ ತೀರಿಸುವುದನ್ನು ಸಹಾಯ ಅಂದರೆ ನಿಗಮ ಕೈಚಾಚಿ ನಿಂತ ಹಾಗೆ ಕಾಣುತ್ತದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಮು ನಿಗಮ 'ವ್ಯವಹಾರ ತತ್ವದ' ಮೇಲೆ ನಡೆಯಬೇಕು ಅನ್ನುತ್ತದೆ. ಇದನ್ನು 'ವ್ಯಾಪಾರ ತತ್ವ' ಅಂತ ಅನುವಾದ ಮಾಡಿದರೆ ಲಾಭ ಮಾಡಲೇಬೇಕು ಅನ್ನುವ ಧ್ವನಿ ಬರುತ್ತದೆ. ವ್ಯವಹಾರ ಅಂದರೆ ಲೆಕ್ಕ ಸರಿ ಇರಬೇಕು ಅನ್ನುವಷ್ಟೇ. ಅದೇ ಕಾಯ್ದೆಯ 30ನೇ ಕಲಮು ಲಾಭ ಬಂದರೆ ಪ್ರಯಾಣಿಕರ ಅನುಕೂಲಕ್ಕೆ, ನೌಕರರ ಕ್ಷೇಮಕ್ಕೆ, ಬಸ್ ಸೇವೆ ಬೆಳೆಸಲು ಬಳಸಿ, ಉಳಿದರೆ ರಸ್ತೆ ಅಭಿವೃದ್ಧಿಗೆ ಸರ್ಕಾರಕ್ಕೆ ಕೊಡಿ ಅನ್ನುತ್ತದೆ. ವ್ಯಾಪಾರಿಗೆ ಯಾರೂ ಹೀಗೆ ಹೇಳುವುದಿಲ್ಲ ಅಲ್ವಾ?

ಸದ್ಯಕ್ಕೆ ನಮ್ಮ ತೀರ್ಮಾನ ಹೀಗಿದೆ. ಪುಸ್ತಕದ ತುಂಬಾ 'ಪರ್ಮಿಟ್' ಅಂತ ಬರೆಯುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಿಂದ ಹಿಡಿದು ಕ್ಲೀನರ್‌ವರೆಗೆ ಎಲ್ಲರೂ ಆಡುವ ಮಾತು ಅದೇ. ಕಚೇರಿಯ ಕಾಗದದಲ್ಲಿ ರಹದಾರಿ ಅಂತ ಇರುತ್ತದೆ, ಎರಡೂ ಒಂದೇ ಅಂತ ಮೊದಲ ಪುಟದಲ್ಲೇ ಹೇಳುತ್ತೇವೆ. ಕೊನೆಯ ಪುಟದಲ್ಲಿ ಒಂದು ಮಾದರಿ ಅರ್ಜಿ ಇದೆ. ಅದರ ಮೊದಲ ಸಾಲು ಈಗ ಹೀಗಿದೆ:

'ನಮ್ಮ ಊರಿನ ಬಸ್ಸಿನ ರಹದಾರಿಯಲ್ಲಿ ನಮೂದಾಗಿರುವ ಸಂಜೆಯ ಟ್ರಿಪ್ ಎರಡು ತಿಂಗಳಿಂದ ಬರುತ್ತಿಲ್ಲ.'

ಸಾರಿಗೆ ನಿಗಮಗಳ ಪ್ರಕಟಣೆಗಳಲ್ಲಿ ಟ್ರಿಪ್ಪಿಗೆ 'ಸುತ್ತುವಳಿ' ಅಂತ ಇರುತ್ತದೆ. ಒಳ್ಳೆಯ ಪದ. ಆದರೆ ನಮ್ಮ ಕಡೆ ಯಾರ ಬಾಯಲ್ಲೂ ಕೇಳಿಲ್ಲ. ಅರ್ಜಿಯಲ್ಲಿ ಟ್ರಿಪ್ ಅಂತ ಬಿಡಲೋ, ಸುತ್ತುವಳಿ ಅಂತ ತಿದ್ದಲೋ? ನಿಮ್ಮ ಊರಿನ ಕಂಡಕ್ಟರ್ ಏನನ್ನುತ್ತಾರೆ ಕೇಳಿ ಬರೆಯಿರಿ.