ಸಹಾಯ ಬೇಕು: ಕೆರೆ ಏರಿ ಮೇಲಿನ ವೀರಗಲ್ಲು ಸ್ಥಳಾಂತರಿಸೋಕೆ ಅನುಮತಿ ಯಾರು ಕೊಡ್ತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಊರಿನ ಇತಿಹಾಸ ಬಳಗದವರು ಕೆರೆ ಏರಿ ಮೇಲಿನ ಲಂಟಾನ ಕಡಿಸುವಾಗ ಒಂದು ವೀರಗಲ್ಲು ಕಂಡಿತು. ಅರ್ಧ ಮಣ್ಣಲ್ಲಿ ಹೂತಿದೆ. ಮೇಲ್ಗಡೆ ಲಿಂಗಪೂಜೆ, ಅದರ ಕೆಳಗೆ ವೀರನನ್ನ ಕೈಹಿಡಿದು ಕರೆದೊಯ್ಯೋ ಅಪ್ಸರೆಯರು. ಅವರ ಬಳೆಗಳೂ ಎಣಿಸೋ ಹಾಗಿವೆ, ಅಷ್ಟು ಚೆನ್ನಾಗಿದೆ. ನಡುವಿನ ಪಟ್ಟಿಯಲ್ಲಿ ಹಳಗನ್ನಡ ಅಕ್ಷರ ಇದೆ, ಪಾಚಿ ಕಟ್ಟಿ ಓದೋಕಾಗ್ತಿಲ್ಲ. ಉಜ್ಜೋಕೆ ನಾವು ಯಾರಿಗೂ ಬಿಟ್ಟಿಲ್ಲ.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ (1902) ತಿರುವಿ ಹಾಕಿದ್ವಿ. ಊರಿನ ದೇವಸ್ಥಾನದ ಶಾಸನ ಇದೆ, ಇದಿಲ್ಲ.

ಈಗ ಏರಿ ರಸ್ತೆ ಅಗಲ ಮಾಡ್ತಿದ್ದಾರೆ, ಜೆಸಿಬಿ ಬಂದು ನಿಂತಿದೆ. ಪಂಚಾಯ್ತಿಯಲ್ಲಿ ಕೇಳಿದ್ರೆ "ಪುರಾತತ್ವ ಇಲಾಖೆಯವರ ಪತ್ರ ತನ್ನಿ" ಅಂತಾರೆ. ಇಲಾಖೆಯಲ್ಲಿ "ಇದು ಸಂರಕ್ಷಿತ ಪಟ್ಟಿಯಲ್ಲಿಲ್ಲ, ಪಂಚಾಯ್ತಿಯವರೇ ನೋಡ್ಕೋಬೇಕು" ಅಂದ್ರು. ಗುತ್ತಿಗೆದಾರರು ಒಳ್ಳೆಯವರು, ಸ್ವಲ್ಪ ದಿನ ಕಾಯ್ತೀನಿ ಅಂದಿದ್ದಾರೆ.

ಸಂರಕ್ಷಿತ ಅಲ್ಲದ ವೀರಗಲ್ಲನ್ನ ದೇವಸ್ಥಾನದ ಆವರಣಕ್ಕೆ ಸಾಗಿಸೋಕೆ ಲಿಖಿತ ಅನುಮತಿ ಯಾರಿಂದ ಪಡೀಬೇಕು: ತಹಶೀಲ್ದಾರರಾ, ಜಿಲ್ಲಾಧಿಕಾರಿಗಳಾ? ನಿಮ್ಮೂರಲ್ಲಿ ಮಾಡಿಸಿದ್ರೆ ಅರ್ಜಿ ಹೇಗೆ ಬರೆದ್ರಿ? ಕಲ್ಲು ಕದಲಿಸೋ ಮುಂಚೆ ಶಾಸನದ ಪಡಿಯಚ್ಚು (ಅಕ್ಷರಗಳನ್ನ ಕಾಗದದ ಮೇಲೆ ಮೂಡಿಸಿಕೊಳ್ಳೋ ಪ್ರತಿ) ತೆಗೆದುಕೊಡೋರು ಹಾಸನ, ಮೈಸೂರು ಕಡೆ ಯಾರಾದ್ರೂ ಇದ್ದಾರಾ?